ಅಪ್ಪಾಜಿ ಫ್ಲಾಪಿಲಿ ಸಿಕ್ಕ ವರ್ಡ್‌ಸ್ಟಾರ್ ಫೈಲು: ಆ ಕಾಲದಲ್ಲಿ ಯಾವ ಕಂಪ್ಯೂಟರಿನ ವರ್ಡ್ ಪ್ರೊಸೆಸರ್ ಚೆನ್ನಾಗಿತ್ತು?

ಹಳೇಫ್ಲಾಪಿ:
ಎಲ್ರಿಗೂ ನಮಸ್ಕಾರ. ಅಟ್ಟ ಕ್ಲೀನ್ ಮಾಡ್ವಾಗ ಅಪ್ಪಾಜಿದು ಒಂದು ತಗಡಿನ ಡಬ್ಬ ಸಿಕ್ತು, ಒಳಗೆ 5.25 ಇಂಚಿನ ಫ್ಲಾಪಿ ಹನ್ನೊಂದು ಇದ್ವು. ಅವ್ರು ಹೈಸ್ಕೂಲ್ ಮೇಷ್ಟ್ರು, 1989-90ರಲ್ಲಿ ಸಂಜೆ ಕ್ಲಾಸಿಗೆ ಹೋಗಿ ಕಂಪ್ಯೂಟರ್ ಕಲ್ತ್ಕೊಂಡು ಆಮೇಲೆ ಸ್ನೇಹಿತರೊಬ್ರ ಜಾಬ್ ಟೈಪಿಂಗ್ ಅಂಗಡಿಲಿ ಕೂತು ಕೊಶ್ಚನ್ ಪೇಪರ್, ಅರ್ಜಿ ಅಂತ ಏನಾದ್ರೂ ಹೊಡೀತಿದ್ರು. ಗೆಳೆಯನ ಹತ್ರ ಹಳೇ ಡ್ರೈವ್ ಇತ್ತು, ಏಳು ಫ್ಲಾಪಿ ಓದ್ಕೊಳ್ತು, ಮಿಕ್ಕಿದ್ ನಾಲ್ಕಕ್ಕೆ ಬೂಷ್ಟು ಹಿಡ್ದಿದೆ. ಈಗ ಪ್ರಾಬ್ಲಮ್ ಏನಂದ್ರೆ ಫೈಲನ್ನ ನೋಟ್‌ಪ್ಯಾಡಲ್ಲಿ ತೆಗೆದ್ರೆ ಇಂಗ್ಲಿಷ್ ಓದಕ್ಕೇನೋ ಆಗತ್ತೆ ಆದ್ರೆ ಹೆಚ್ಚುಕಮ್ಮಿ ಪ್ರತಿ ಪದದ ಕೊನೇ ಅಕ್ಷರ ಮಾತ್ರ ಕೆಟ್ಟೋಗಿದೆ. ‘ದಿ’ ಅನ್ನೋ ಪದದಲ್ಲಿ ಟಿ ಸರಿ, ಎಚ್ ಸರಿ, ಕೊನೇ ಇ ಇರ್ಬೇಕಾದ ಜಾಗದಲ್ಲಿ ತಲೆ ಮೇಲೆ ಸೊನ್ನೆ ಹೊತ್ಕೊಂಡಿರೋ ಎ ಕೂತಿದೆ. ಎಲ್ಲಾ ಕಡೆನೂ ಹಿಂಗೇ. ಫ್ಲಾಪಿ ಹಾಳಾಗಿದ್ರೆ ಇಷ್ಟು ಶಿಸ್ತಾಗಿ ಹಾಳಾಗತ್ತಾ? ಮತ್ತೆ ಇದು ಬರೀ ಈ ಸಾಫ್ಟ್‌ವೇರಿನ ಕಥೆನಾ ಇಲ್ಲಾ ಆ ಕಾಲದ ಎಲ್ಲಾ ಕಂಪ್ಯೂಟರಲ್ಲೂ ಹಿಂಗೇ ಇತ್ತಾ? ಗೊತ್ತಿರೋರು ಸ್ವಲ್ಪ ಹೇಳಿ.

ಎಂಟನೇಬಿಟ್ಟು:
ನಿಮ್ಮ ಫ್ಲಾಪಿ ಚೆನ್ನಾಗಿದೆ ಸಾರ್, ಹೆದರ್ಬೇಡಿ. ಅದು ವರ್ಡ್‌ಸ್ಟಾರ್ ಅನ್ನೋ ಆ ಕಾಲದ ವರ್ಡ್ ಪ್ರೊಸೆಸರಿನ ಡಾಕ್ಯುಮೆಂಟ್ ಮೋಡಿನ ಫೈಲು. ಆಸ್ಕಿಗೆ (ಇಂಗ್ಲಿಷ್ ಅಕ್ಷರಕ್ಕೆ ನಂಬರ್ ಕೊಡೋ ಕೋಡು) ಬೇಕಾಗಿರೋದು ಏಳೇ ಬಿಟ್ಟು, ಅಂದ್ರೆ 0ಯಿಂದ 127. ಬೈಟಲ್ಲಿ ಎಂಟನೇ ಬಿಟ್ ಖಾಲಿ ಬಿದ್ದಿರತ್ತಲ್ಲ, ಮೆಮರಿಗೆ ಚಿನ್ನದ ಬೆಲೆ ಇದ್ದ ಕಾಲದಲ್ಲಿ ಅದನ್ನ ಯಾರು ಸುಮ್ನೆ ಬಿಡ್ತಾರೆ, ವರ್ಡ್‌ಸ್ಟಾರ್‌ನೋರು ಪದದ ಕೊನೇ ಅಕ್ಷರಕ್ಕೆ ಆ ಬಿಟ್ ಹೊತ್ತಿಸಿ ‘ಇಲ್ಲಿಗೆ ಪದ ಮುಗೀತು, ಸಾಲು ಎರಡೂ ಕಡೆ ಸಮ ಮಾಡೋವಾಗ ಇದ್ರ ಮುಂದೆ ಜಾಗ ಹಿಗ್ಗಿಸ್ಬೋದು’ ಅಂತ ಗುರುತು ಇಟ್ಕೊಂಡ್ರು. ಚಿಕ್ಕ ಇ ಅಂದ್ರೆ 101, ಅದಕ್ಕೆ 128 ಸೇರಿಸಿದ್ರೆ 229, ವಿಂಡೋಸ್ ಪಟ್ಟಿಲಿ 229 ಅಂದ್ರೆ ನಿಮ್ಮ ಸೊನ್ನೆ ಹೊತ್ತ ಎ. ಲೆಕ್ಕ ಸರಿಹೋಯ್ತಾ?

ಪ್ರತಿ ಬೈಟನ್ನ 127ರ ಜೊತೆ ಆಂಡ್ ಮಾಡಿ, ಅಂದ್ರೆ ಎಂಟನೇ ಬಿಟ್ ಮಾತ್ರ ಆರಿಸಿ, ಬೇರೆ ಫೈಲಿಗೆ ಬರೀರಿ, ನಾಲ್ಕು ಸಾಲಿನ ಪೈಥಾನ್ ಸಾಕು. 141 ಅನ್ನೋ ಬೈಟ್ ಕಂಡ್ರೆ ಅದು ಸಾಫ್ಟ್ ರಿಟರ್ನ್, ಅಂದ್ರೆ ನಿಮ್ಮ ತಂದೆ ಎಂಟರ್ ಒತ್ತಿದ್ದಲ್ಲ, ಸಾಲು ತುಂಬ್ತು ಅಂತ ವರ್ಡ್‌ಸ್ಟಾರ್ ತಾನೇ ಮುರಿದಿದ್ದು. ಚುಕ್ಕೆಯಿಂದ ಶುರುವಾಗೋ ಸಾಲುಗಳನ್ನ ಅಳಿಸ್ಬೇಡಿ, ಅವು ಪ್ರಿಂಟರಿಗೆ ಹೇಳಿರೋ ಆರ್ಡರು.

ಶಾರ್ಟ್‌ಹ್ಯಾಂಡ್ ಅಕ್ಕ:
ಅಯ್ಯೋ ವರ್ಡ್‌ಸ್ಟಾರ್ ಅಂದ ತಕ್ಷಣ ನನ್ ಎಡಗೈ ಕಿರುಬೆರಳು ತಾನಾಗೇ ಎದ್ದು ಕೂತ್ಕೊಳ್ತು ನೋಡಿ. ನಾನು ಟೈಪ್‌ರೈಟಿಂಗ್ ಸೀನಿಯರ್ ಮುಗಿಸಿ ಕಂಪ್ಯೂಟರ್ ಕ್ಲಾಸಿಗೆ ಸೇರ್ದಾಗ ಎಲ್ಲಾ ಇನ್‌ಸ್ಟಿಟ್ಯೂಟ್ ಬೋರ್ಡಲ್ಲೂ ಇದ್ದಿದ್ದು ಮೂರೇ ಹೆಸ್ರು, ವರ್ಡ್‌ಸ್ಟಾರ್ ಲೋಟಸ್ ಡಿಬೇಸ್ (ಬರೆಯಕ್ಕೊಂದು, ಲೆಕ್ಕಕ್ಕೊಂದು, ಮಾಹಿತಿ ಪಟ್ಟಿಗೊಂದು), ಒಂದೇ ಉಸಿರಲ್ಲಿ ಹೇಳೋರು. ಚಪ್ಪಲಿ ಹೊರಗೆ ಬಿಟ್ಟು ಏಸಿ ರೂಮಿಗೆ ಹೋಗ್ಬೇಕು, ಒಂದು ಕಂಪ್ಯೂಟರಿಗೆ ಇಬ್ರು, ಒಬ್ಳು ಹೊಡೀಬೇಕು ಇನ್ನೊಬ್ಳು ಓದ್ಬೇಕು.

ಈಗಿನ ಮಕ್ಳಿಗೆ ಹೇಳಿದ್ರೆ ನಗ್ತಾರೆ, ಬಾಣದ ಕೀ ನಾವು ಮುಟ್ತಾನೇ ಇರ್ಲಿಲ್ಲ. ಕಂಟ್ರೋಲ್ ಹಿಡ್ಕೊಂಡು ಇ ಮೇಲಕ್ಕೆ, ಎಕ್ಸ್ ಕೆಳಕ್ಕೆ, ಎಸ್ ಎಡಕ್ಕೆ, ಡಿ ಬಲಕ್ಕೆ. ಕೀಬೋರ್ಡ್ ನೋಡಿ, ಆ ನಾಲ್ಕೂ ಸೇರಿ ಒಂದು ವಜ್ರದ ಆಕಾರ. ಅದ್ರ ಆಚೀಚೆ ಎ ಒತ್ತಿದ್ರೆ ಒಂದು ಪದ ಹಿಂದಕ್ಕೆ, ಎಫ್ ಒತ್ತಿದ್ರೆ ಒಂದು ಪದ ಮುಂದಕ್ಕೆ. ಮುಂದೆ ಕ್ಯೂ ಸೇರಿಸಿದ್ರೆ ಅದೇ ದಿಕ್ಕಿಗೆ ದೊಡ್ಡ ಹಾರಾಟ. ಬ್ಲಾಕ್ ಶುರು ಕೆ-ಬಿ, ಕೊನೆ ಕೆ-ಕೆ, ಜರುಗಿಸಕ್ಕೆ ಕೆ-ವಿ. ಕೈ ಹೋಂ ರೋ ಬಿಟ್ಟು ಏಳೋದೇ ಇಲ್ಲ, ಟೈಪಿಸ್ಟಿಗೆ ಇದಕ್ಕಿಂತ ಸ್ವರ್ಗ ಏನಿದೆ ಹೇಳಿ. ಬೇರೆ ಯಾವ ಸಾಫ್ಟ್‌ವೇರ್ ಹೆಸರೂ ನಂಗೆ ಬೇಡ.

ಎಂಟನೇಬಿಟ್ಟು:
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಆ ವಜ್ರ ಹುಟ್ಟಿದ್ದೇ ಎಷ್ಟೋ ಟರ್ಮಿನಲ್‌ಗಳಿಗೆ ಬಾಣದ ಕೀ ಗ್ಯಾರಂಟಿ ಇರ್ಲಿಲ್ಲ ಅಂತ, ಕಂಟ್ರೋಲ್ ಕೀ ಮಾತ್ರ ಎಲ್ಲದ್ರಲ್ಲೂ ಇತ್ತು, ಅದೂ ಸಾಮಾನ್ಯವಾಗಿ ಎ ಅಕ್ಷರದ ಪಕ್ಕದಲ್ಲೇ. 1981ರ ಐಬಿಎಂ ಪಿಸಿ ಕೀಬೋರ್ಡಲ್ಲೂ ಅಲ್ಲೇ ಇತ್ತು. ಆಮೇಲೆ 101 ಕೀಗಳ ಕೀಬೋರ್ಡ್ ಬಂದಾಗ ಅಲ್ಲಿ ಕ್ಯಾಪ್ಸ್ ಲಾಕ್ ತಂದಿಟ್ಟು ಕಂಟ್ರೋಲನ್ನ ಮೂಲೆಗೆ ತಳ್ಳಿದ್ರು. ನಾನು ಇವತ್ತಿಗೂ ಲ್ಯಾಪ್‌ಟಾಪಲ್ಲಿ ಎರಡನ್ನೂ ಅದಲುಬದಲು ಮಾಡ್ಕೊಂಡೇ ಕೂರೋದು, ಆಫೀಸಲ್ಲಿ ಯಾರಾದ್ರೂ ನನ್ ಮಿಷಿನ್ ಮುಟ್ಟಿದ್ರೆ ಬೈಕೊಂಡು ಹೋಗ್ತಾರೆ.

ಸನ್ನಿವೇಲ್ ಸೀನ:
ಅಕ್ಕಾ, ಸ್ವರ್ಗ ಅಂದ್ರಲ್ಲ, ನಾನು ನರಕ ತೋರಿಸ್ತೀನಿ ಬನ್ನಿ. ಎಂಎಸ್ ಮಾಡಕ್ಕೆ ಅಮೆರಿಕಾಕ್ಕೆ ಬಂದಾಗ ಒಂದು ಸೆಕೆಂಡ್ ಹ್ಯಾಂಡ್ ಆಪಲ್ ಟೂ ಪ್ಲಸ್ ತಗೊಂಡೆ. ಮಿಷಿನ್ ಅದ್ಭುತ, ಬಣ್ಣ, ಆಟ, ಎಲ್ಲಾ ಸರಿ, ಆದ್ರೆ ಅದ್ರಲ್ಲಿ ಸಣ್ಣಕ್ಷರನೇ ಇಲ್ಲ! ಬರೀ ಕ್ಯಾಪಿಟಲ್ಲು, ಅದೂ ಸಾಲಿಗೆ 40. 1979ರಲ್ಲಿ ಪಾಲ್ ಲೂಟಸ್ ಅನ್ನೋರು ಬರೆದ ಆಪಲ್ ರೈಟರ್ ಇದಕ್ಕೆ ಏನ್ ಮಾಡ್ತು ಗೊತ್ತಾ, ಸಣ್ಣಕ್ಷರಾನೆಲ್ಲ ಸ್ಕ್ರೀನ್ ಮೇಲೆ ಮಾಮೂಲಿ ಕ್ಯಾಪಿಟಲ್ ಥರ ತೋರ್ಸೋದು, ನಿಜವಾದ ಕ್ಯಾಪಿಟಲ್ಲನ್ನ ಕಪ್ಪುಬಿಳುಪು ತಿರುಗಿಸಿ ತೋರ್ಸೋದು. ಶಿಫ್ಟ್ ಕೀ ಒತ್ತಿದ್ರೆ ಕೇಸ್ ಬದಲಾಗಲ್ಲ, ಎಸ್ಕೇಪ್ ಒತ್ತಿ ಅಕ್ಷರ ಒತ್ಬೇಕು. ಪ್ರತಿ ವಾಕ್ಯದ ಮೊದಲಕ್ಷರಕ್ಕೆ ಎಸ್ಕೇಪು, ಪ್ರತಿ ಹೆಸರಿಗೆ ಎಸ್ಕೇಪು. ನಮ್ಮ ಗೈಡ್ ಹೆಸ್ರಲ್ಲಿ ಮೂರು ಇನಿಶಿಯಲ್ ಇತ್ತು, ಸುಮ್ನೆ ಸರ್‌ನೇಮ್ ಒಂದೇ ಹಾಕ್ಬಿಡ್ತಿದ್ದೆ.

ಆಮೇಲೆ ಜನ ಏನ್ಮಾಡಿದ್ರು ಅಂದ್ರೆ ಶಿಫ್ಟ್ ಕೀಯಿಂದ ಗೇಮ್ ಪೋರ್ಟಿಗೆ ಒಂದು ತಂತಿ ಎಳ್ಕೊಂಡ್ರು, 80 ಕಾಲಮ್ಮಿಗೆ, ಅಂದ್ರೆ ಸಾಲಿಗೆ 80 ಅಕ್ಷರ ಕಾಣಕ್ಕೆ, ವೈಡೆಕ್ಸ್ ಕಾರ್ಡ್ ಹಾಕಿದ್ರು. ಇನ್ನೂ ಮಜಾ ಅಂದ್ರೆ 1980ರಲ್ಲಿ ಮೈಕ್ರೋಸಾಫ್ಟ್‌ನೋರೇ ಸಾಫ್ಟ್‌ಕಾರ್ಡ್ ಅಂತ ಜ಼ಡ್-80 ಪ್ರೊಸೆಸರ್ ಇರೋ ಒಂದು ಕಾರ್ಡ್ ಮಾರಿದ್ರು, ಅದನ್ನ ಸಿಕ್ಕಿಸಿದ್ರೆ ಆಪಲ್ ಒಳಗೇ ಸಿಪಿ/ಎಂ ಅನ್ನೋ ಬೇರೆ ಆಪರೇಟಿಂಗ್ ಸಿಸ್ಟಮ್ ಓಡೋದು. ಎಷ್ಟೋ ಜನ ಅದನ್ನ ಕೊಂಡಿದ್ದು ಯಾಕೆ ಅಂತೀರಾ? ನಿಮ್ಮ ವರ್ಡ್‌ಸ್ಟಾರಿಗೋಸ್ಕರ. ಒಂದು ಸಾಫ್ಟ್‌ವೇರ್ ಓಡಿಸಕ್ಕೆ ಕಂಪ್ಯೂಟರೊಳಗೆ ಇನ್ನೊಂದು ಕಂಪ್ಯೂಟರ್ ತುರುಕೋದು ಅಂದ್ರೆ ನೋಡಿ.

ಧಾರ್ವಾಡದಾಂವ:
ಅದಕ್ಕ ಹೇಳ್ತೇನ್ರಿ, ಯಾವ ಸಾಫ್ಟ್‌ವೇರ್ ಚಲೋ ಅಂತ ಕೇಳೋದ ತಪ್ಪು ಪ್ರಶ್ನೆ. ಮದಲ ಪರದೆ ಎಷ್ಟ ಅಗಲ ಐತಿ ಅಂತ ಕೇಳ್ರಿ. ಎ-ನಾಕ ಹಾಳಿ ಮ್ಯಾಲೆ ಒಂದ ಸಾಲಿನಾಗ ಅರವತ್ತೈದೋ ಎಪ್ಪತ್ತೋ ಅಕ್ಷರ ಹಿಡಿತಾವ. ಪರದೆ ಮ್ಯಾಲೆ ಅಷ್ಟ ಅಕ್ಷರ ಕಾಣ್ತಾವು ಅಂದ್ರ ನೀವು ಬರದದ್ದ ಹಾಳಿ ಮ್ಯಾಲೆ ಹೆಂಗ ಬರತೈತಿ ಅಂತ ಗೊತ್ತಾಗತೈತಿ, ಇಲ್ಲಂದ್ರ ಕಣ್ಣ ಕಟ್ಟಿ ಅಡವಿಯಾಗ ಬಿಟ್ಟಂಗ. ವಿಕ್-20ಕ್ಕ 22 ಕಾಲಮ್ಮು, ಸ್ಪೆಕ್ಟ್ರಮ್ಮಿಗೆ 32, ಕಮೊಡೋರ್ 64ಕ್ಕ ಮತ್ತ ಆಪಲ್ಲಿಗೆ 40, ಆಸ್ಬೋರ್ನ್ ಒಂದಕ್ಕ 52, ಟಿಆರ್‌ಎಸ್-80 ಮಾಡೆಲ್ ಒಂದಕ್ಕ 64, ಸಿಪಿ/ಎಂ ಟರ್ಮಿನಲ್ಲಿಗೆ ಮತ್ತ ಐಬಿಎಂ ಪಿಸಿಗೆ 80. ಈ ಪಟ್ಟಿ ನೋಡಿದ್ರ ಆಫೀಸಿನಾಗ ಯಾವ್ದು ಉಳೀತು, ಮನಿಯೊಳಗ ಆಟಕ್ಕ ಯಾವ್ದು ಉಳೀತು ಅಂತ ನಾ ಬ್ಯಾರೆ ಹೇಳೋದೇನ ಬ್ಯಾಡ.

ಸ್ಪೆಕ್ಟ್ರಮ್ಮಿನಾಗ ಟಾಸ್‌ವರ್ಡ್ ಟೂ ಅಂತ ಒಂದ ವರ್ಡ್ ಪ್ರೊಸೆಸರ್ ಇತ್ತು. ಪರದೆ ಅಗಲ ಇರೂದ 256 ಚುಕ್ಕಿ, ಅದರಾಗ ಒಂದ ಅಕ್ಷರಕ್ಕ ಬರೇ ನಾಕ ಚುಕ್ಕಿ ಕೊಟ್ಟು 64 ಕಾಲಮ್ಮು ತಗದ್ರು ಮಕ್ಕಳು! ನಾಕ ಚುಕ್ಕಿಯೊಳಗ ಒಂದ ಚುಕ್ಕಿ ನಡಬರಕಿನ ಸಂದಿಗೆ ಹೋತು, ಉಳದ ಮೂರ ಚುಕ್ಕಿಯೊಳಗ ಎಂ ಅಕ್ಷರ ಬರೀರಿ ನೋಡೋಣ. ಟೀವಿ ಮುಂದ ಕುಂತ ಅದನ್ನ ಓದಿದಾಂವಗ ಕನ್ನಡಕ ಗ್ಯಾರಂಟಿ.

ಸನ್ನಿವೇಲ್ ಸೀನ:
ಆಸ್ಬೋರ್ನ್ ಬಗ್ಗೆ ಅನ್ಯಾಯ ಮಾಡ್ಬೇಡಿ. 1981ರಲ್ಲಿ 1,795 ಡಾಲರ್‌ಗೆ ಮಿಷಿನ್ ಜೊತೆ ವರ್ಡ್‌ಸ್ಟಾರ್, ಲೆಕ್ಕದ ಸೂಪರ್‌ಕ್ಯಾಲ್ಕ್ ಎಲ್ಲಾ ಸೇರ್ಸಿ ಕೊಟ್ರು, ಬರೀ ವರ್ಡ್‌ಸ್ಟಾರ್ ಬೆಲೆನೇ 495 ಇದ್ದ ಕಾಲ ಅದು. ಪರದೆ ಐದು ಇಂಚು ನಿಜ, 52 ಕಾಲಮ್ ನಿಜ, ಆದ್ರೆ ಅಕ್ಕಪಕ್ಕ ಸರಿಸಿ ಅಗಲವಾದ ಸಾಲೂ ನೋಡ್ಬೋದಿತ್ತು. ಆಮೇಲೆ ಕೇಪ್ರೋ ಬಂದು ಅದೇ ರೇಟಿಗೆ 9 ಇಂಚಿನ 80 ಕಾಲಮ್ ಪರದೆ ಕೊಡ್ತು, ಅದ್ರಲ್ಲೂ ವರ್ಡ್‌ಸ್ಟಾರೇ ಕೊಟ್ಟಿದ್ರು.

ಎಂಟನೇಬಿಟ್ಟು:
ಕೇಪ್ರೋ ಟೂ ಜೊತೆ ಮೊದ್ಲು ಕೊಡ್ತಿದ್ದಿದ್ದು ಪರ್ಫೆಕ್ಟ್ ರೈಟರ್ ಸೀನಣ್ಣ, ವರ್ಡ್‌ಸ್ಟಾರ್ ಬಂದಿದ್ದು ಆಮೇಲೆ.

ಸನ್ನಿವೇಲ್ ಸೀನ:
ಹೌದು ಹೌದು, ಒಪ್ಕೊಂಡೆ. ವಯಸ್ಸಾಯ್ತು.

ಲೀಡ್ಸಿನ ಸೊಸೆ:
ನಾನು ಯುಕೆಲಿರೋದು, ನಮ್ಮನೆಯವ್ರು ಓದಿದ್ದೆಲ್ಲ ಇಲ್ಲೇ, ಅವ್ರ ಹಳೇ ಬಿಬಿಸಿ ಮೈಕ್ರೋ ಇನ್ನೂ ಗ್ಯಾರೇಜಲ್ಲಿದೆ. ಧಾರ್ವಾಡದವ್ರು ಕಾಲಮ್ ಲೆಕ್ಕ ಹೇಳಿದ್ರಲ್ಲ, ಅದ್ರ ಜೊತೆ ಮೆಮರಿ ಲೆಕ್ಕನೂ ಸೇರಿಸ್ಬೇಕು, ಯಾಕಂದ್ರೆ ಬಿಬಿಸಿ ಮೈಕ್ರೋ ಮಾಡೆಲ್ ಬಿಲಿ 80 ಕಾಲಮ್ ಇತ್ತು, ಆದ್ರೆ ಇರೋ ಒಟ್ಟು 32 ಕೆಬಿಲಿ ಆ ಪರದೆಗೇ 16 ಕೆಬಿ ಹೋಗ್ಬಿಡತ್ತೆ, ಇನ್ನೊಂದು ಮೋಡಲ್ಲಿ 20. ಮಿಕ್ಕಿದ್ರಲ್ಲಿ ನೀವು ಏನ್ ಬರೀತೀರಾ? ಅದಕ್ಕೆ ಬಿಬಿಸಿ ಮೈಕ್ರೋದ ವರ್ಡ್‌ವೈಸ್ ಅನ್ನೋ ವರ್ಡ್ ಪ್ರೊಸೆಸರ್ ಮಾಡ್ದೋರು ಉಲ್ಟಾ ಯೋಚ್ನೆ ಮಾಡಿದ್ರು. ಟೈಪ್ ಮಾಡೋವಾಗ ಟೆಲಿಟೆಕ್ಸ್ಟ್ ಮೋಡಲ್ಲಿ 40 ಕಾಲಮ್ಮೇ ಇರ್ಲಿ, ಅದಕ್ಕೆ ಬರೀ 1 ಕೆಬಿ ಸಾಕು, ಪ್ರಿಂಟ್ ಹೆಂಗೆ ಬರತ್ತೆ ಅಂತ ನೋಡ್ಬೇಕು ಅನ್ಸಿದಾಗ ಮಾತ್ರ 80 ಕಾಲಮ್ಮಿಗೆ ಹೋಗಿ ತೋರ್ಸೋಣ ಅಂತ. ಪ್ರೋಗ್ರಾಮ್ ಇದ್ದಿದ್ದು ರಾಮ್ ಚಿಪ್ಪಲ್ಲಿ, ಐ ಮೀನ್ ಆರ್-ಓ-ಎಂ ರಾಮ್, ಡಬ್ಬಿ ಬಿಚ್ಚಿ ಸಾಕೆಟ್ಟಿಗೆ ಸಿಕ್ಕಿಸ್ಬೇಕು, ಹಂಗಾಗಿ ಅದು ಮೆಮರಿ ತಿನ್ನಲ್ಲ, ಆನ್ ಮಾಡಿದ ತಕ್ಷಣ ರೆಡಿ.

ಮಾರ್ಜಿನ್ ಹಾಕ್ಬೇಕಂದ್ರೆ ಎಫ್-1 ಒತ್ತಿದ್ರೆ ಹಸಿರು ಅಕ್ಷರ ಶುರು, ಎಲ್‌ಎಂ5 ಅಂತ ಬರ್ದು ಎಫ್-2 ಒತ್ತಿದ್ರೆ ಮತ್ತೆ ಬಿಳಿ. ಹಸಿರಲ್ಲಿರೋದೆಲ್ಲ ಪ್ರಿಂಟರಿಗೆ, ಬಿಳಿಲಿರೋದು ಓದೋರಿಗೆ. ಗ್ಯಾರೇಜಲ್ಲಿ ಇದನ್ನ ನೋಡಿದಾಗ ಹತ್ತು ನಿಮಿಷಕ್ಕೆ ಕಲ್ತೆ ನಾನು. ವರ್ಡ್‌ಸ್ಟಾರ್ ಕೀಗಳನ್ನ ಕೇಳಿದ್ರೆ ವೀಣೆ ಪಾಠ ಇದ್ದಂಗಿದೆ ಅಕ್ಕ, ತಪ್ಪು ತಿಳ್ಕೋಬೇಡಿ.

ಶಾರ್ಟ್‌ಹ್ಯಾಂಡ್ ಅಕ್ಕ:
ವೀಣೆ ಕಲ್ತೋರಿಗೆ ಕೀಬೋರ್ಡ್ ಹಾರ್ಮೋನಿಯಂ ಬೇಕಾಗಲ್ಲ ಬಿಡಮ್ಮ.

ಧಾರ್ವಾಡದಾಂವ:
ಬಿಬಿಸಿ ಮೈಕ್ರೋ ನಮ್ ಕಡೇನೂ ಬಂದಿತ್ತಲ್ರಿ ತಂಗಿ! 1984ರಾಗ ಕೇಂದ್ರ ಸರ್ಕಾರದ ಕ್ಲಾಸ್ ಯೋಜನೆ ಅಂತ ಸುರು ಆತು, ಸಾಲಿ ಮಕ್ಕಳಿಗೆ ಕಂಪ್ಯೂಟರ್ ಕಲಸೋದು, ಅದಕ್ಕ ಆರಿಸಿದ್ದ ಮಷಿನ್ನ ಬಿಬಿಸಿ ಮೈಕ್ರೋ. ನಾ ಓದಿದ ಸಾಲಿಗೂ ಬಂದಿದ್ವು. ಖೋಲಿಗೆ ಕೀಲಿ, ಕಿಟಕಿಗೆ ಪರದೆ, ಮಷಿನ್ನಿಗೆ ಕುಲಾಯಿ. ವಾರಕ್ಕ ಒಂದ ತಾಸು, ಬೇಸಿಕ್ಕಿನಾಗ ಎರಡ ಸಾಲ ಹೊಡೀಯೂದು ತನ್ನ ಹೆಸರು ಪರದೆ ತುಂಬ ಓಡಿಸೂದು, ಗಂಟಿ ಹೊಡೀತಿತ್ತು. ವರ್ಡ್ ಪ್ರೊಸೆಸರ್ ಅಂತ ಒಂದ ಇರತೈತಿ ಅಂತ ಸುದ್ದೀನ ಇಲ್ಲ ನಮಗ. ಇವತ್ತ ನೀವು ಹಸಿರ ಅಕ್ಷರದ ಕತಿ ಹೇಳಿದ್ರಿ, ಹೊಟ್ಟಿ ಉರದು ಹೋತು.

ಲೀಡ್ಸಿನ ಸೊಸೆ:
😂 ಇನ್ನೂ ಉರಿಸ್ತೀನಿ ತಡೀರಿ. 1985ರಲ್ಲಿ ಇಲ್ಲಿ ಆಮ್‌ಸ್ಟ್ರಾಡ್ ಪಿಸಿಡಬ್ಲ್ಯು 8256 ಅಂತ ಬಂತು. 399 ಪೌಂಡ್, ಮೇಲೆ ವ್ಯಾಟು, ಅದಕ್ಕೆ ಕಂಪ್ಯೂಟರ್, ಹಸಿರು ಪರದೆ, ಡಿಸ್ಕ್ ಡ್ರೈವ್, ಪ್ರಿಂಟರ್ ಎಲ್ಲಾ ಒಟ್ಟಿಗೆ. ಪರದೆಲಿ 90 ಕಾಲಮ್, 32 ಸಾಲು, ಐಬಿಎಂ ಪಿಸಿಗಿಂತ ದೊಡ್ಡದು! ಅದ್ರ ವರ್ಡ್ ಪ್ರೊಸೆಸರ್ ಲೋಕೋಸ್ಕ್ರಿಪ್ಟಿಗೋಸ್ಕರ ಕೀಬೋರ್ಡ್ ಮೇಲೇ ಕಟ್, ಕಾಪಿ, ಪೇಸ್ಟ್, ಪ್ಯಾರಾ ಅಂತ ಅಚ್ಚು ಹಾಕಿದ್ರು. ನಮ್ಮತ್ತೆ ಅದ್ರಲ್ಲೇ ಕನ್ನಡ ಸಂಘದ ಸುತ್ತೋಲೆ ಹೊಡೀತಿದ್ರಂತೆ, ಕನ್ನಡನ ಇಂಗ್ಲಿಷಕ್ಷರದಲ್ಲಿ ಬರ್ದು. ಒಂದೇ ಕಷ್ಟ, ಅದ್ರ ಡಿಸ್ಕು ಮೂರು ಇಂಚು, ಮೂರೂವರೆ ಅಲ್ಲ, ಪ್ರಪಂಚದಲ್ಲಿ ಬೇರೆ ಯಾರ ಹತ್ರನೂ ಹೆಚ್ಚುಕಮ್ಮಿ ಇಲ್ಲದಿರೋ ಸೈಜು. ಅತ್ತೆ ಡಿಸ್ಕುಗಳು ಈಗ ಚಾ ಲೋಟ ಇಡೋ ಕೋಸ್ಟರು.

ಮೈಸೂರ್ ಡಿಟಿಪಿ:
ಇಷ್ಟೊತ್ತಾದ್ರೂ ಯಾರೂ ಮ್ಯಾಕ್ ಹೆಸರೇ ಎತ್ತಿಲ್ವಲ್ಲ ಸ್ವಾಮಿ. 1984ರಲ್ಲಿ ಆಪಲ್‌ನೋರ ಮ್ಯಾಕ್ ಜೊತೆ ಮ್ಯಾಕ್‌ರೈಟ್ ಅನ್ನೋ ವರ್ಡ್ ಪ್ರೊಸೆಸರ್ ಬಂದಾಗಲೇ ಮಿಕ್ಕಿದ್ದೆಲ್ಲ ಹಳತಾಯ್ತು. ದಪ್ಪ ಅಂದ್ರೆ ಪರದೆ ಮೇಲೆ ದಪ್ಪ, ವಾಲಿದ್ದು ಅಂದ್ರೆ ವಾಲಿದ್ದು. ಪರದೆ ಇಂಚಿಗೆ 72 ಚುಕ್ಕೆ, ಇಮೇಜ್‌ರೈಟರ್ ಪ್ರಿಂಟರ್ ಅದಕ್ಕೆ ಸರಿಯಾಗಿ ಎರಡರಷ್ಟು 144, ಹಂಗಾಗಿ ಕಂಡಿದ್ದು ಕಂಡಂಗೇ ಹಾಳೆಗೆ ಇಳಿಯೋದು. ನಿಮ್ಮ ಕಾಲಮ್ ಲೆಕ್ಕಕ್ಕೆ ಅಲ್ಲಿ ಅರ್ಥನೇ ಇಲ್ಲ, ಐ ಅಕ್ಷರಕ್ಕೂ ಡಬ್ಲ್ಯುಗೂ ಅದರದ್ದರದ್ದೇ ಅಗಲ.

ಎಂಟನೇಬಿಟ್ಟು:
ಮ್ಯಾಕ್‌ರೈಟ್ ನೋಡಕ್ಕೆ ಚಂದ, ಒಪ್ತೀನಿ. ಆದ್ರೆ ಮೊದಲ ಆವೃತ್ತಿಲಿ ಇಡೀ ಡಾಕ್ಯುಮೆಂಟು ಮೆಮರಿಲೇ ಇರ್ಬೇಕಿತ್ತು, ಮಿಷಿನ್ನಿಗೆ ಇದ್ದಿದ್ದು 128 ಕೆಬಿ, ಹತ್ತು ಪುಟದ ಆಸುಪಾಸಿಗೆ ಬಂದ್ರೆ ಜಾಗ ಖಾಲಿ. ಅತ್ತ ವರ್ಡ್‌ಸ್ಟಾರ್ 64 ಕೆಬಿ ಸಿಪಿ/ಎಂ ಮಿಷಿನ್ನಲ್ಲೂ ಮೆಮರಿಗಿಂತ ದೊಡ್ಡ ಫೈಲು ತೆಗೀತಿತ್ತು, ಬೇಕಾದ ತುಂಡು ಮಾತ್ರ ಫ್ಲಾಪಿಯಿಂದ ತಂದು ಮಿಕ್ಕಿದ್ದನ್ನ ವಾಪಸ್ ಇಟ್ಟು. ಕ್ಯೂ-ಸಿ ಒತ್ತಿ ಫೈಲಿನ ಕೊನೆಗೆ ಹೋಗು ಅಂದ್ರೆ ಡ್ರೈವ್ ಕಾಫಿ ಬೀಜ ಹುರಿದಂಗೆ ಸದ್ದು ಮಾಡ್ಕೊಂಡು ಹೋಗೋದು, ಆದ್ರೆ ಹೋಗೋದು. ಆಮೇಲೆ ಆ ಮೊದಲ ಮ್ಯಾಕ್ ಕೀಬೋರ್ಡಲ್ಲಿ ಬಾಣದ ಕೀನೇ ಇರ್ಲಿಲ್ಲ, ಮೌಸ್ ಹಿಡೀಲೇಬೇಕು. ಟೈಪಿಸ್ಟ್ ಕೇಳಿದ್ರೆ ಏನಂತಾರೆ?

ಶಾರ್ಟ್‌ಹ್ಯಾಂಡ್ ಅಕ್ಕ:
ಟೈಪಿಸ್ಟ್ ರಾಜೀನಾಮೆ ಕೊಡ್ತಾಳೆ.

ಮೈಸೂರ್ ಡಿಟಿಪಿ:
ಹತ್ತು ಪುಟ ಅನ್ನೋದು ಶುರುವಿನ ಕಥೆ, ಆಮೇಲೆ ಸರಿ ಮಾಡಿದ್ರು. ಮತ್ತೆ ಒಂದು ವಿಷ್ಯ, ಈ ಕಂಡಿದ್ದು ಕಂಡಂಗೆ ಅನ್ನೋದು ಆಪಲ್‌ನೋರ ತಲೆಯಿಂದ ಉದುರಿದ್ದೂ ಅಲ್ಲ. ಜ಼ೆರಾಕ್ಸಿನ ಆಲ್ಟೋ ಅನ್ನೋ ಮಿಷಿನ್ನಿಗೆ 1974ರಲ್ಲೇ ಬ್ರಾವೋ ಅಂತ ಇತ್ತು, ಬಟ್ಲರ್ ಲ್ಯಾಂಪ್ಸನ್ ಮತ್ತೆ ಚಾರ್ಲ್ಸ್ ಸಿಮೋನಿ ಮಾಡಿದ್ದು. ಅದೇ ಸಿಮೋನಿ ಆಮೇಲೆ ಮೈಕ್ರೋಸಾಫ್ಟಿಗೆ ಹೋದ್ರು, 1983ರಲ್ಲಿ ಡಾಸಿಗೆ (ಪಿಸಿಯ ಆಗಿನ ಆಪರೇಟಿಂಗ್ ಸಿಸ್ಟಮ್) ವರ್ಡ್ ಬಂತು. ಇವತ್ತು ನಿಮ್ಮ ಆಫೀಸಲ್ಲಿರೋ ವರ್ಡಿನ ತಾತ ಆ ಬ್ರಾವೋ. ನಿಮ್ಮ ವರ್ಡ್‌ಸ್ಟಾರಿಗೆ ಮೊಮ್ಮಕ್ಕಳು ಯಾರಿದಾರೆ ಹೇಳಿ?

ದುಬೈ ಗುಮಾಸ್ತ:
ಎಂತ ಜಗಳ ಮಾರಾಯ್ರೆ. ನಾನು ಊರು ಬಿಟ್ಟು ಗಲ್ಫಿಗೆ ಬಂದದ್ದು ವರ್ಡ್‌ಸ್ಟಾರ್ ಸರ್ಟಿಫಿಕೇಟ್ ಹಿಡ್ಕೊಂಡು, ಇಲ್ಲಿ ವಕೀಲರ ಆಫೀಸಿನಲ್ಲಿ ಕೂತ್ಕೊಂಡು ನೋಡಿದ್ರೆ ವರ್ಡ್‌ಪರ್ಫೆಕ್ಟ್ 5.1. ನೀಲಿ ಪರದೆ, ಮೂಲೆಯಲ್ಲಿ ಪುಟ ಸಾಲು ಅಂತ ಒಂದು ಗೆರೆ, ಮತ್ತೆ ಎಂತ ಇಲ್ಲ. ಮೆನು ಕಾಣ್ಲಿಕ್ಕೆ ಇಲ್ಲ, ಹೆಲ್ಪಿಗೆ ಎಫ್-1 ಒತ್ತಿದ್ರೆ ಅದು ಕ್ಯಾನ್ಸಲ್, ಹೆಲ್ಪ್ ಇರುವುದು ಎಫ್-3ರಲ್ಲಿ, ಹೊರಗೆ ಬರ್ಲಿಕ್ಕೆ ಎಫ್-7. ಕೀಬೋರ್ಡಿನ ಮೇಲೆ ಒಂದು ಪಟ್ಟಿ ಇಟ್ಟಿರ್ತಾರೆ, ಕೆಂಪು ಅಂದ್ರೆ ಕಂಟ್ರೋಲ್, ಹಸಿರು ಶಿಫ್ಟ್, ನೀಲಿ ಆಲ್ಟ್. ಮೊದಲ ದಿನ ಸಾಯಂಕಾಲ ಯಾರೋ ಕ್ಲೀನ್ ಮಾಡುವವರು ಆ ಪಟ್ಟಿ ಬಿಸಾಡಿದ್ರು, ಎರಡನೇ ದಿನ ನಾನು ಕಂಪ್ಯೂಟರ್ ಎದುರು ಮೂಕಾಂಬಿಕೆಗೆ ಹರಕೆ ಹೇಳ್ಕೊಂಡು ಕೂತಿದ್ದೆ.

ಆದ್ರೆ ಒಂದು ತಿಂಗಳು ಆದ ಮೇಲೆ ನನ್ನನ್ನು ಕೇಳಿ. ರಿವೀಲ್ ಕೋಡ್ಸ್ ಅಂತ ಒಂದು ಉಂಟು, ಆಲ್ಟ್-ಎಫ್-3. ಒತ್ತಿದ್ರೆ ಪರದೆ ಎರಡು ಭಾಗ ಆಗ್ತದೆ, ಮೇಲೆ ನಿಮ್ಮ ಬರಹ, ಕೆಳಗೆ ಅದೇ ಬರಹ ಅದರ ಹೊಟ್ಟೆಯೊಳಗಿನ ಕರುಳಿನ ಸಮೇತ. ದಪ್ಪ ಎಲ್ಲಿ ಶುರು ಎಲ್ಲಿ ಮುಗೀತು, ಮಾರ್ಜಿನ್ ಯಾರು ಬದಲಿಸಿದ್ದು, ಎಲ್ಲ ಕಂಸದೊಳಗೆ ಬರೆದಿರ್ತದೆ. ಎಂತದೋ ಹಾಳಾಯ್ತು ಅಂದ್ರೆ ಆ ಕೋಡಿನ ಮೇಲೆ ಹೋಗಿ ಡಿಲೀಟ್ ಒತ್ತಿದ್ರೆ ಆಯ್ತು. ಈಗಿನ ವರ್ಡಿನಲ್ಲಿ ಒಂದು ಪ್ಯಾರಾ ಸುಮ್ಮನೆ ಬಲಕ್ಕೆ ಜರಗಿ ಕೂತ್ರೆ ಕಾರಣ ಹುಡುಕ್ಲಿಕ್ಕೆ ಅರ್ಧ ದಿನ ಬೇಕು. ಮತ್ತೆ ವರ್ಡ್‌ಸ್ಟಾರಿನಲ್ಲಿ ನಡುವೆ ಒಂದು ಪದ ಸೇರಿಸಿದ್ರೆ ಪ್ಯಾರಾ ಮುರಿದು ಬೀಳ್ತಿತ್ತಲ್ಲ, ಕಂಟ್ರೋಲ್-ಬಿ ಒತ್ತಿ ಒತ್ತಿ ಸರಿ ಮಾಡ್ಬೇಕಿತ್ತಲ್ಲ ಅಕ್ಕ, ಅದನ್ನು ನೀವು ಯಾಕೆ ಹೇಳ್ಲಿಲ್ಲ? ವರ್ಡ್‌ಪರ್ಫೆಕ್ಟಿನಲ್ಲಿ ಅದು ತಾನಾಗಿಯೇ ಸರಿ ಆಗ್ತಿತ್ತು.

ಶಾರ್ಟ್‌ಹ್ಯಾಂಡ್ ಅಕ್ಕ:
ಕಂಟ್ರೋಲ್-ಬಿ ವಿಷ್ಯಕ್ಕೆ ಮಾತ್ರ ನಾನು ಸುಮ್ನಿರ್ತೀನಿ. ಒಂದ್ಸಲ 30 ಪುಟದ ಬಾಡಿಗೆ ಕರಾರಲ್ಲಿ ಓನರ್ ಹೆಸರು ಬದಲಾಯಿಸಿ ಅಂದ್ರು, ಹೊಸ ಹೆಸರು ಆರು ಅಕ್ಷರ ಉದ್ದ ಜಾಸ್ತಿ. ಕ್ಯೂ-ಎ ಕೊಟ್ಟು ಹೆಸರೇನೋ ನಿಮಿಷದಲ್ಲಿ ಬದಲಾಯ್ತು. ಪ್ಯಾರಾ ಪ್ಯಾರಾಕ್ಕೂ ಹೋಗಿ ಬಿ, ಬಿ, ಬಿ. ಕೊನೆಗೆ ಷೆಡ್ಯೂಲ್ ಪಟ್ಟಿ ಮೇಲೂ ಕೈ ತಪ್ಪಿ ಬಿ ಒತ್ಬಿಟ್ಟೆ, ಪೂರ್ವಕ್ಕೆ ರಸ್ತೆ ಪಶ್ಚಿಮಕ್ಕೆ ಚರಂಡಿ ಅಂತ ಸಾಲುಸಾಲಾಗಿದ್ದ ಚಕ್ಕುಬಂದಿ ಎಲ್ಲಾ ಕಲಸಿ ಒಂದೇ ಮುದ್ದೆ. ಸೇವ್ ಮಾಡಿರ್ಲಿಲ್ಲ ಪುಣ್ಯ, ಕೆ-ಕ್ಯೂ ಒತ್ತಿ ಆಚೆ ಬಂದೆ.

ಸನ್ನಿವೇಲ್ ಸೀನ:
ಮೊಮ್ಮಕ್ಕಳು ಯಾರು ಅಂದ್ರಲ್ಲ ಡಿಟಿಪಿಯವ್ರೆ, ಜಾರ್ಜ್ ಆರ್ ಆರ್ ಮಾರ್ಟಿನ್ ಇವತ್ತಿಗೂ ಡಾಸ್ ಮಿಷಿನ್ನಲ್ಲಿ ವರ್ಡ್‌ಸ್ಟಾರ್ 4.0ರಲ್ಲೇ ಕಾದಂಬರಿ ಬರೀತಾರೆ ಅಂತ ಅವ್ರೇ ಹೇಳ್ಕೊಂಡಿದಾರೆ. ಬೇಗ ಮುಗಿಸ್ತಿಲ್ಲ ಅನ್ನೋದು ಬೇರೆ ಮಾತು, ಅದಕ್ಕೆ ಸಾಫ್ಟ್‌ವೇರ್ ಕಾರಣ ಅಲ್ಲ.

ಬಡವರ ವರ್ಡ್ ಪ್ರೊಸೆಸರ್ ಬಗ್ಗೆನೂ ಒಂದು ಮಾತು ಹೇಳ್ಬಿಡ್ತೀನಿ. ನನ್ ರೂಮ್‌ಮೇಟ್ ಹತ್ರ ಕಮೊಡೋರ್ 64 ಇತ್ತು, ದುಡ್ಡಿರ್ಲಿಲ್ಲ. 1984ರ ಜನವರಿಲಿ ಕಂಪ್ಯೂಟ್ಸ್ ಗೆಜೆಟ್ ಅನ್ನೋ ಪತ್ರಿಕೆ ಸ್ಪೀಡ್‌ಸ್ಕ್ರಿಪ್ಟ್ ಅಂತ ಒಂದು ಇಡೀ ವರ್ಡ್ ಪ್ರೊಸೆಸರನ್ನ ಅಂಕಿಗಳ ಪಟ್ಟಿ ಮಾಡಿ ಅಚ್ಚು ಹಾಕ್ಬಿಡ್ತು, ಚಾರ್ಲ್ಸ್ ಬ್ರಾನನ್ ಅನ್ನೋರು ಬರೆದಿದ್ದು. ಪುಟಗಟ್ಟಲೆ ಬರೀ ನಂಬರು. ಅದನ್ನ ಕೂತು ಹೊಡ್ಕೋಬೇಕು, ಪ್ರತಿ ಸಾಲಿನ ಕೊನೆಗೆ ಒಂದು ತಾಳೆ ನೋಡೋ ಅಂಕಿ, ತಪ್ಪಿದ್ರೆ ಆ ಸಾಲು ಮತ್ತೆ. ನಾನು ಓದೋದು ಅವ್ನು ಹೊಡ್ಯೋದು, ಮಗ್ಗಿ ಒಪ್ಪಿಸ್ದಂಗೆ, ಎರಡು ರಾತ್ರಿ. ಕೊನೆಗೆ ಓಡ್ತು ನೋಡಿ! 6 ಕೆಬಿ ಆಸುಪಾಸಿನ ಪ್ರೋಗ್ರಾಮು, ಹುಡುಕೋದು, ಅಳಿಸೋದು, ಪ್ರಿಂಟ್ ಮಾಡೋದು ಎಲ್ಲಾ ಮಾಡ್ತಿತ್ತು. ಈಗ ನಾನು ಈ ಪೋಸ್ಟ್ ಹಾಕೋ ಬಟನ್ ಚಿತ್ರಕ್ಕೇ ಅದಕ್ಕಿಂತ ಜಾಸ್ತಿ ಜಾಗ ಬೇಕು.

ಹಳೇಫ್ಲಾಪಿ:
ಎಲ್ರಿಗೂ ಥ್ಯಾಂಕ್ಸ್, ಎರಡು ದಿನ ಈ ಕಡೆ ಬರಕ್ಕಾಗಿರ್ಲಿಲ್ಲ, ಇಷ್ಟೊಂದು ಬರ್ದಿದೀರಾ. 127ರ ಟ್ರಿಕ್ ಕೆಲಸ ಮಾಡ್ತು ಸಾರ್. ಮೊದ್ಲು ತೆಗ್ದಿದ್ದು ಎಂಟನೇ ಕ್ಲಾಸಿನ ಸೈನ್ಸ್ ಪೇಪರ್, ಆಮೇಲೆ ಇಂಗ್ಲಿಷಲ್ಲಿ ಒಂದು ಪತ್ರ, 1992ರ ನಮ್ಮನೆ ಗೃಹಪ್ರವೇಶಕ್ಕೆ ಕರೆಯೋದು, ಅಪ್ಪಾಜಿ ಸ್ಕೂಲಿನೋರಿಗೆ ಕಳ್ಸಿದ್ದು ಅನ್ಸತ್ತೆ.

ಆದ್ರೆ ಒಂದು ಎಡವಟ್ಟು ಮಾಡ್ಕೊಂಡೆ. ಖುಷಿಲಿ ಎಲ್ಲಾ ಫೈಲಿಗೂ ಒಟ್ಟಿಗೆ ಓಡಿಸ್ಬಿಟ್ಟೆ. ಒಂದು ಫ್ಲಾಪಿ ಮೇಲೆ ಅಪ್ಪಾಜಿ ಅಕ್ಷರದಲ್ಲಿ ‘ಕನ್ನಡ’ ಅಂತ ಬರ್ದಿದೆ, ಅದ್ರಲ್ಲಿದ್ದ ಫೈಲು ಮೊದ್ಲಾದ್ರೂ ಏನೋ ವಿಚಿತ್ರ ಅಕ್ಷರ ಥರ ಇತ್ತು, ಈಗ ಬರೀ ಇಂಗ್ಲಿಷ್ ಅಕ್ಷರ, ಪ್ರಶ್ನಾರ್ಥಕ, ಚೌಕ ಎಲ್ಲಾ ಚೆಲ್ಲಾಪಿಲ್ಲಿ. 1992ರಲ್ಲಿ ಡಾಸಲ್ಲಿ ಕನ್ನಡ ಹೆಂಗೆ ಹೊಡೀತಿದ್ರು??

ಎಂಟನೇಬಿಟ್ಟು:
ಅಯ್ಯಯ್ಯೋ. ಒರಿಜಿನಲ್ ಇಟ್ಕೊಂಡಿದೀರಾ ತಾನೇ?

ಹಳೇಫ್ಲಾಪಿ:
ಇದೆ ಇದೆ, ಗೆಳೆಯ ಇಡೀ ಫ್ಲಾಪಿದೇ ಇಮೇಜ್ ತೆಗ್ದಿದಾನೆ.

ಎಂಟನೇಬಿಟ್ಟು:
ಬಚಾವಾದ್ರಿ. ಅದು ಬಹುಶಃ ಜಿಸ್ಟ್ ಕಾರ್ಡಲ್ಲಿ ಹೊಡ್ದಿದ್ದು. ಐಐಟಿ ಕಾನ್ಪುರದಲ್ಲಿ ಹುಟ್ಟಿ ಆಮೇಲೆ ಪುಣೆಯ ಸಿ-ಡ್ಯಾಕಲ್ಲಿ ಬೆಳೆದ ತಂತ್ರಜ್ಞಾನ ಅದು. ಪಿಸಿ ಒಳಗೆ ಒಂದು ಕಾರ್ಡ್ ಹಾಕಿದ್ರೆ ವರ್ಡ್‌ಸ್ಟಾರ್, ಡಿಬೇಸ್ ಥರ ಟೆಕ್ಸ್ಟ್ ಮೋಡಿನ ಇಂಗ್ಲಿಷ್ ಸಾಫ್ಟ್‌ವೇರ್‌ಗಳ ಒಳಗೇ ಕನ್ನಡ ಹೊಡೀಬೋದಿತ್ತು, ಆ ಸಾಫ್ಟ್‌ವೇರಿಗೆ ತಾನು ಕನ್ನಡ ಬರೀತಿದೀನಿ ಅಂತ ಗೊತ್ತೂ ಆಗಲ್ಲ. ಅಕ್ಷರಗಳ ಕೋಡು ಇಸ್ಕಿ, ಅದು 1991ರಲ್ಲಿ ಐಎಸ್ 13194 ಅಂತ ಭಾರತೀಯ ಮಾನಕ ಆಯ್ತು. ಈಗ ತಮಾಷೆ ನೋಡಿ, ಕೆಳಗಿನ 128ರಲ್ಲಿ ಇಂಗ್ಲಿಷ್, ಮೇಲಿನ 128ರಲ್ಲಿ ಭಾರತೀಯ ಅಕ್ಷರ. ಅಂದ್ರೆ ವರ್ಡ್‌ಸ್ಟಾರ್ ಯಾವ ಎಂಟನೇ ಬಿಟ್ಟನ್ನ ಖಾಲಿ ಸೈಟು ಅಂತ ಬೇಲಿ ಹಾಕ್ಕೊಂಡಿತ್ತೋ ಅದೇ ಸೈಟಲ್ಲಿ ಇಸ್ಕಿ ಕನ್ನಡಕ್ಕೆ ಮನೆ ಕಟ್ಟಿತ್ತು. ನೀವು ಬಿಟ್ ತೆಗೆದ್ರಲ್ಲ, ಕನ್ನಡ ಪೂರ್ತಿ ಹೋಯ್ತು.

ಒರಿಜಿನಲ್ ಫೈಲನ್ನ ಇಸ್ಕಿಯಿಂದ ಯುನಿಕೋಡಿಗೆ ಪಟ್ಟಿ ಹಾಕಿ ಬದಲಾಯಿಸಿ. ಪಟ್ಟಿ ಎರಡಿವೆ, ಪಿಸಿಲಿ ಚೌಕ ಎಳೆಯೋ ಗೆರೆಗಳು ಮಧ್ಯದ ಕೋಡುಗಳನ್ನ ಹಿಡ್ಕೊಂಡಿದ್ವಲ್ಲ, ಅದಕ್ಕೆ ಪಿಸಿ-ಇಸ್ಕಿ ಅಂತ ಬೇರೆ ಜೋಡಣೆ. ಒಂದ್ರಲ್ಲಿ ಅರ್ಥ ಆಗ್ಲಿಲ್ಲ ಅಂದ್ರೆ ಇನ್ನೊಂದು ಹಚ್ಚಿ.

ಶಾರ್ಟ್‌ಹ್ಯಾಂಡ್ ಅಕ್ಕ:
ಜಿಸ್ಟ್ ನಾನೂ ಒಂದು ಆಫೀಸಲ್ಲಿ ಹೊಡ್ದಿದೀನಿ. ಸ್ತ್ರೀ ಅಂತ ಬರೀರಿ, ಪರದೆ ಮೇಲೆ ಒಂದೇ ಅಕ್ಷರ. ಫೈಲಲ್ಲಿ ಸ, ಹಲಂತ, ತ, ಹಲಂತ, ರ, ದೀರ್ಘ, ಆರು. ಬಲಗಡೆ ಅಂಚು ಸಮ ಮಾಡು ಅಂದ್ರೆ ವರ್ಡ್‌ಸ್ಟಾರ್ ಆರು ಅಂತ್ಲೇ ಎಣಿಸೋದು ಪಾಪ. ನಾವು ಬಲಗಡೆ ಅಂಚಿನ ಆಸೆನೇ ಬಿಟ್ಟಿದ್ವಿ, ಸಾಲು ಎಲ್ಲಿ ಮುರೀಬೇಕು ಅಂತ ಕಣ್ಣಳತೆಲಿ ಎಂಟರ್ ಒತ್ತೋದು.

ಧಾರ್ವಾಡದಾಂವ:
ನೋಡ್ರಿ, 80 ಕಾಲಮ್ ಇದ್ದೂ ಕನ್ನಡಕ್ಕ ಕಾಲಮ್ ಲೆಕ್ಕ ಹತ್ತಲಿಲ್ಲ. ನಾ ಮದಲ ಹೇಳಿದ ಮಾತು ವಾಪಸ್ ತಗೋಬೇಕಾತಲ್ಲ.

ಹಳೇಫ್ಲಾಪಿ:
ಬಂತು!! ಎರಡನೇ ಪಟ್ಟಿಲಿ ಬಂತು. ಅದೇ ಗೃಹಪ್ರವೇಶದ ಕರೆಯೋಲೆ, ಕನ್ನಡದಲ್ಲಿ, ನೆಂಟರಿಗೆ. ‘ತಾವು ಸಕುಟುಂಬ ಸಪರಿವಾರ ಸಮೇತರಾಗಿ’ ಅಂತ ಪೂರ್ತಿ ಇದೆ, ಸಾಲುಗಳು ಅಕ್ಕ ಹೇಳಿದಂಗೇ ಕಣ್ಣಳತೆಲಿ ಮುರಿದಿವೆ. ಅಮ್ಮಂಗೆ ಓದಿ ಹೇಳ್ದೆ, ಮೂರನೇ ಸಾಲಿಗೆ ಅವ್ರೇ ಮುಂದಿಂದು ಹೇಳಕ್ಕೆ ಶುರು ಮಾಡಿದ್ರು.

ಇಂಗ್ಲಿಷ್ ಪತ್ರದ ಬಗ್ಗೆ ಒಂದು ಡೌಟು. ಮೇಲೆ ಡಾಟ್-ಡಿಎಫ್, ಡಾಟ್-ಆರ್‌ವಿ ಅಂತ ಎರಡು ಸಾಲಿದೆ, ಪತ್ರದೊಳಗೆ ಹೆಸರಿರ್ಬೇಕಾದ ಜಾಗದಲ್ಲಿ ಎರಡು ಆಂಪರ್‌ಸ್ಯಾಂಡ್ ಮಧ್ಯೆ ನೇಮ್ ಅಂತಿದೆ. ಜೊತೆಗೆ ಅದೇ ಹೆಸರಿನ ಇನ್ನೊಂದು ಫೈಲು, ಬಾಲಕ್ಕೆ ಬಿಎಕೆ. ಎರಡಕ್ಕೂ ಒಂದೇ ವ್ಯತ್ಯಾಸ, ಹೊಸದ್ರಲ್ಲಿ ಮೊದಲ ಸಾಲು ಡಾಟ್-ಓಪಿ ಅಂತಿದೆ, ಬಿಎಕೆಲಿ ಅದಿಲ್ಲ.

ಶಾರ್ಟ್‌ಹ್ಯಾಂಡ್ ಅಕ್ಕ:
ಅದು ಮೇಲ್‌ಮರ್ಜ್ ಕಣಪ್ಪ. ಡಿಎಫ್ ಅಂದ್ರೆ ಹೆಸರುಗಳ ಪಟ್ಟಿ ಯಾವ ಫೈಲಲ್ಲಿದೆ ಅಂತ, ಆರ್‌ವಿ ಅಂದ್ರೆ ಅದ್ರಿಂದ ಯಾವ ಯಾವ ಕಲಂ ಓದ್ಕೋಬೇಕು ಅಂತ. ಒಂದೇ ಪತ್ರ, ಒಬ್ಬೊಬ್ರ ಹೆಸರಲ್ಲಿ ಒಂದೊಂದು ಪ್ರತಿ. ನಿಮ್ಮ ತಂದೆಯವ್ರು ಸರಿಯಾಗೇ ಕಲ್ತಿದ್ರು.

ಬಿಎಕೆ ಅನ್ನೋದು ಹಿಂದಿನ ಸಲದ ಪ್ರತಿ, ಸೇವ್ ಮಾಡ್ದಾಗ ವರ್ಡ್‌ಸ್ಟಾರ್ ತಾನೇ ಎತ್ತಿಡತ್ತೆ. ಡಾಟ್-ಓಪಿ ಅಂದ್ರೆ ಪುಟದ ನಂಬರ್ ಹಾಕ್ಬೇಡ ಅಂತ. ಅದು ಕೊಡ್ಲಿಲ್ಲ ಅಂದ್ರೆ ಪ್ರತಿ ಹಾಳೆ ಕೆಳಗೆ ನಡುವೆ ನಂಬರ್ ಬಂದ್ಬಿಡತ್ತೆ. ಮೊದಲ ಸಲ ಪ್ರಿಂಟ್ ತೆಗ್ದಾಗ ಮರ್ತಿರ್ತಾರೆ, ಕರೆಯೋಲೆ ಕೆಳಗೆ 1 ಅಂತ ಬಂದಿರತ್ತೆ, ಆಮೇಲೆ ಸೇರ್ಸಿದಾರೆ.

ಹಳೇಫ್ಲಾಪಿ:
ಅಕ್ಕಾ, ಈಗ್ತಾನೆ ಅಮ್ಮನ ಟ್ರಂಕಿಂದ ಆ ಪತ್ರದ ಒಂದು ಪ್ರತಿ ತೆಗ್ಸಿ ನೋಡ್ದೆ. ಕೆಳಗೆ ನಡುವೆ ಬಿಳಿ ಬಣ್ಣ ಹಚ್ಚಿರೋ ಕಲೆ ಇದೆ. ಬೆಳಕಿಗೆ ಹಿಡಿದ್ರೆ 1 ಕಾಣತ್ತೆ.